ಗೋಲ್‌ಕೀಪರ್ ಅಂದ್ರೆ ಶಂಕರ್ ಲಕ್ಷ್ಮಣ್, ಉಳಿದವರೆಲ್ಲ ಆಮೇಲೆ

ಗೆಳೆಯರೇ, ಈ ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಯ್ತು, ಗೊತ್ತು. ಬಯ್ಯಬೇಡಿ. ಇವತ್ತು ಮತ್ತೆ ಕೀಬೋರ್ಡ್ ಮುಂದೆ ಕೂತಿರೋದಕ್ಕೆ ಕಾರಣ ಒಂದು ಜಗಳ. ಮೊನ್ನೆ ಮುತ್ತತ್ತಿಯಲ್ಲಿ, ಹೊಳೆ ದಂಡೆ ಮೇಲೆ, ತಟ್ಟೆಯಲ್ಲಿ ಬಿಸಿ ಮುದ್ದೆ ಇಟ್ಕೊಂಡು ಶುರುವಾದ ಜಗಳ. ಮುದ್ದೆ ಆರಿತು, ಜಗಳ ಆರಲಿಲ್ಲ. ಅದನ್ನ ಇಲ್ಲಿ ಮುಗಿಸೋಣ ಅಂತ.

ಮುತ್ತತ್ತಿ ಗೊತ್ತಲ್ಲ? ಮಳವಳ್ಳಿ ತಾಲ್ಲೂಕು, ಹಲಗೂರು ದಾಟಿ ಕಾಡೊಳಗೆ ಇಳಿದರೆ ಕಾವೇರಿ, ದಂಡೆ ಮೇಲೆ ಆಂಜನೇಯನ ಗುಡಿ. ಸೀತಮ್ಮ ಸ್ನಾನ ಮಾಡುವಾಗ ಮೂಗುತಿಯ ಮುತ್ತು ಹೊಳೆಗೆ ಬಿತ್ತು, ಆಂಜನೇಯ ಬಾಲ ಬಿಟ್ಟು ನೀರು ಕಲಕಿ ಎತ್ತಿಕೊಟ್ಟ, ಅದಕ್ಕೇ ಮುತ್ತೆತ್ತರಾಯ ಅಂತ ಹೆಸರು. ಅಣ್ಣಾವ್ರಿಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದೂ ಈ ದೇವರದ್ದೇ. ನಾವು ಐದು ಜನ ಹೈಸ್ಕೂಲು ಗೆಳೆಯರು, ಜೊತೆಗೆ ಕೆನಡಾದಿಂದ ರಜೆಗೆ ಬಂದಿದ್ದ ನಮ್ಮ ಭಾವ. ಹೊಳೆಗೆ ಯಾರೂ ಇಳೀಲಿಲ್ಲ. ಮುತ್ತತ್ತಿ ಮಡುವಿನ ಮರ್ಜಿ ಗೊತ್ತಿರೋರು ಇಳಿಯಲ್ಲ. ದಡದಲ್ಲಿ ಕೂತು ಕೋತಿಗಳಿಂದ ಬಾಳೆಹಣ್ಣು ಕಾಯೋದೇ ಕೆಲಸ. ನಮ್ಮಲ್ಲೊಬ್ಬ ಎರಡು ಸಲ ಕೋತಿ ಕೈಗೆ ಸಿಗದ ಹಾಗೆ ಚೀಲ ಎಳ್ಕೊಂಡ. "ಏನ್ಲಾ, ಶ್ರೀಜೇಶ್ ಆಗ್ಬುಟ್ಟೆ" ಅಂದ ಇನ್ನೊಬ್ಬ. ಶುರು ಆಗಿದ್ದು ಅಲ್ಲಿಂದ.

ಹಲಗೂರಿನ ಗೆಳೆಯ ಘೋಷಣೆ ಮಾಡೇಬಿಟ್ಟ. ಇಂಡಿಯಾ ಕಂಡ ಸಾರ್ವಕಾಲಿಕ ಶ್ರೇಷ್ಠ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್, ಚರ್ಚೆಯೇ ಇಲ್ಲ. ಮಡಿಕೇರಿಯ ಗೆಳೆಯನಿಗೆ ಅದು ಒಪ್ಪಿಗೆ ಇಲ್ಲ. ಅವನ ಪ್ರಕಾರ ಎ.ಬಿ. ಸುಬ್ಬಯ್ಯ. ಕೊಡಗಿನವರು ಹಾಕಿ ವಿಷಯದಲ್ಲಿ ಊರು ಬಿಟ್ಟು ಹೊರಗೆ ಮತ ಹಾಕಲ್ಲ :-) ಭಾವ ಇನ್ನೂ ದೂರ ಹೋದರು. ಅವರದ್ದು ಐಸ್ ಹಾಕಿ, ಹಾಶೆಕ್, ರುವಾ, ಬ್ರೋಡರ್ ಅಂತ ನಾಲಿಗೆ ತಿರುಗದ ಹೆಸರುಗಳು. ನಾನು ಮೆಲ್ಲಗೆ "ಶಂಕರ್ ಲಕ್ಷ್ಮಣ್" ಅಂದೆ.

"ಅದ್ಯಾರ್ಲಾ ಲಕ್ಷ್ಮಣ? ರಾಮನ್ ತಮ್ಮನಾ? ಮೊದ್ಲೇ ಆಂಜನೇಯನ ಗುಡಿ ಪಕ್ಕ ಕೂತಿದ್ದೀವಿ..."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ದಾರಿ ಪೂರ್ತಿ ಆ "ಅದ್ಯಾರ್ಲಾ" ತಲೆಯಲ್ಲೇ ಕೊರೀತಿತ್ತು. ಮೂರು ಒಲಿಂಪಿಕ್ ಫೈನಲ್ ಆಡಿದ ಮನುಷ್ಯ ಕಣ್ರೀ ಅವರು!

ನನ್ನ ಯೋಗ್ಯತೆ ಏನು ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ. ಹೈಸ್ಕೂಲಿನಲ್ಲಿ ಎರಡು ವರ್ಷ ನಾನೇ ಗೋಲಿ. ನಮ್ಮ ಕಡೆ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟ ಕಮ್ಮಿ. ಕೊಡಗಿನಿಂದ ಬಂದಿದ್ದ ಪಿ.ಟಿ. ಮೇಷ್ಟ್ರು ಹಠ ಹಿಡಿದು ಹಾಕಿ ಶುರು ಮಾಡಿಸಿದ್ದರು. ನನಗೆ ಓಡೋಕೆ ಬರ್ತಿರಲಿಲ್ಲ, ಮೈ ಅಗಲ ಇತ್ತು, ಅದಕ್ಕೇ ಗೋಲಿನಲ್ಲಿ ನಿಲ್ಲಿಸಿದರು. ಹಳೇ ಕ್ರಿಕೆಟ್ ಪ್ಯಾಡು, ಹೆಲ್ಮೆಟ್ ಇಲ್ಲ, ಕಲ್ಲು ತುಂಬಿದ ಮೈದಾನ. ಒಂದು ಸಲ ಚೆಂಡು ಕಲ್ಲಿಗೆ ತಾಗಿ ಚಿಮ್ಮಿ ನನ್ನ ಗದ್ದಕ್ಕೆ ಬಡೀತು, ಮೂರು ಹೊಲಿಗೆ. ಆಸ್ಪತ್ರೆಯಿಂದ ಬಂದ ಮೇಲೆ ಮೇಷ್ಟ್ರು ಒಂದು ಹಳದಿಯಾದ ಪೇಪರ್ ಕಟಿಂಗ್ ತೋರಿಸಿದರು. 1964ರ ಟೋಕಿಯೋ ಫೈನಲ್ ಆಡಿದ ತಂಡದ ಫೋಟೋ. "ಇವರೂ ಹೆಲ್ಮೆಟ್ ಇಲ್ಲದೆ ನಿಂತೋರೇ, ನೋಡು" ಅಂದಿದ್ದರು. ನನಗೆ ಆಗ ಗದ್ದ ನೋವು ಬಿಟ್ಟು ಬೇರೇನೂ ಅರ್ಥ ಆಗಲಿಲ್ಲ. ಆ ಹೆಸರು ಮಾತ್ರ ಉಳೀತು.

ಈಗ ವಾದಕ್ಕೆ ಬರೋಣ. ಮೊದಲು ಶ್ರೀಜೇಶ್‌ಗೆ ಸಲ್ಲಬೇಕಾದ್ದು ಸಲ್ಲಿಸಿಬಿಡ್ತೀನಿ, ಇಲ್ಲಾಂದ್ರೆ ಕಾಮೆಂಟಿನಲ್ಲಿ ನನ್ನ ಚರ್ಮ ಸುಲೀತೀರಿ. 2012ರ ಲಂಡನ್‌ನಲ್ಲಿ ನಮ್ಮ ತಂಡ ಹನ್ನೆರಡಕ್ಕೆ ಹನ್ನೆರಡನೇ ಸ್ಥಾನ, ಆಡಿದ್ದೆಲ್ಲಾ ಸೋಲು. ಆ ತಂಡದಲ್ಲಿ ಇದ್ದವರು ಶ್ರೀಜೇಶ್. ಅಲ್ಲಿಂದ ಎದ್ದು 2014ರ ಇಂಚಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಶೂಟೌಟ್‌ನಲ್ಲಿ ಎರಡು ತಡೆದು ಚಿನ್ನ ತಂದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಮೇಲೆ 5-4. ಕೊನೇ ಏಳು ಸೆಕೆಂಡೂ ಇಲ್ಲದಿದ್ದಾಗ ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರ್ ತಡೆದು ಕಂಚು. 41 ವರ್ಷದ ಮೇಲೆ ಹಾಕಿಗೆ ಪದಕ. 2024ರ ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು, ಆಟದ ಮುಕ್ಕಾಲು ಭಾಗ ಹತ್ತೇ ಜನ, ಆದರೂ ಬ್ರಿಟನ್ ಗೆಲ್ಲೋಕಾಗಲಿಲ್ಲ, ಶೂಟೌಟ್‌ನಲ್ಲಿ ಮತ್ತೆ ಇವರೇ. ಆಮೇಲೆ ಸ್ಪೇನ್ ಮೇಲೆ ಗೆದ್ದು ಸತತ ಎರಡನೇ ಕಂಚು. ಮುನ್ನೂರಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯ. ವರ್ಷಗಟ್ಟಲೆ ನಮ್ಮ ಬೆಂಗಳೂರಿನ ಸಾಯ್ ಕ್ಯಾಂಪಿನಲ್ಲೇ ಬೆವರು ಸುರಿಸಿದ ಮನುಷ್ಯ, ಅರ್ಧ ನಮ್ಮವರೇ. ನಿವೃತ್ತಿ ಆದಾಗ ಅವರ 16ನೇ ನಂಬರ್ ಜೆರ್ಸಿಯನ್ನೂ ನಿವೃತ್ತಿ ಮಾಡಿಸಿದರು. ತಕರಾರಿಲ್ಲ. ನಮ್ಮ ಕಾಲದ ಶ್ರೇಷ್ಠ ಅನ್ನಿ, ಎರಡೂ ಕೈ ಎತ್ತುತೀನಿ.

ತಕರಾರು ಇರೋದು "ಸಾರ್ವಕಾಲಿಕ" ಅನ್ನೋ ಪದಕ್ಕೆ. ಯಾವ ಕಾಲ ಸ್ವಾಮೀ? ನಮ್ಮ ಸರ್ವಕಾಲ ಶುರುವಾಗೋದು ಮನೆಗೆ ಕೇಬಲ್ ಬಂದ ಮೇಲೆ. ಅದಕ್ಕಿಂತ ಹಿಂದಿನದ್ದು ಪುರಾಣ, ರಾಮ-ಲಕ್ಷ್ಮಣರ ಕತೆ.

ಲಕ್ಷ್ಮಣ್ ಯಾರು ಅಂತ ಕೇಳಿದ್ದಕ್ಕೆ ಉತ್ತರ ಕೊಡ್ತೀನಿ. ಮಧ್ಯಪ್ರದೇಶದ ಮಹೂನಲ್ಲಿ 1933ರಲ್ಲಿ ಹುಟ್ಟಿದವರು. ಸೈನ್ಯ ಸೇರಿದರು, ಮರಾಠಾ ಲೈಟ್ ಇನ್‌ಫೆಂಟ್ರಿ. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ ಅನ್ನೋದು ನಮ್ಮ ಹೆಮ್ಮೆಗೆ ಇರಲಿ. 1956 ಮೆಲ್ಬರ್ನ್, 1960 ರೋಮ್, 1964 ಟೋಕಿಯೋ, ಮೂರು ಒಲಿಂಪಿಕ್ಸ್. ಮೂರರಲ್ಲೂ ಇಂಡಿಯಾ ಫೈನಲ್‌ಗೆ ಬಂತು, ಮೂರರಲ್ಲೂ ಎದುರಿಗೆ ಪಾಕಿಸ್ತಾನ. ಸ್ಕೋರ್ ಓದ್ತೀನಿ, ನಿಧಾನಕ್ಕೆ ಕೇಳಿ. 1956ರಲ್ಲಿ 1-0, ಚಿನ್ನ. 1960ರಲ್ಲಿ 0-1, ಬೆಳ್ಳಿ. 1964ರಲ್ಲಿ 1-0, ಚಿನ್ನ.

ಮೂರು ಒಲಿಂಪಿಕ್ ಫೈನಲ್ಲು. ಅವತ್ತಿನ ಪ್ರಪಂಚದ ಅತಿ ಬಲಿಷ್ಠ ಎದುರಾಳಿ. ಬಿಟ್ಟದ್ದು ಒಟ್ಟು ಒಂದು ಗೋಲು.

ಇಲ್ಲೊಂದು ಸೂಕ್ಷ್ಮ ಇದೆ, ಮುತ್ತತ್ತಿಯಲ್ಲಿ ಹೇಳೋಕೆ ಹೋದೆ, ಯಾರೂ ಬಿಡಲಿಲ್ಲ. ಈ ಮೂರೂ ಪಂದ್ಯದಲ್ಲಿ ನಮ್ಮ ತಂಡದವರು ಹೊಡೆದದ್ದು ಎಷ್ಟು? ಒಂದು, ಸೊನ್ನೆ, ಒಂದು. 1956ರದ್ದು ಆರ್.ಎಸ್. ಜೆಂಟಲ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದದ್ದು, 1964ರದ್ದು ಮೊಹಿಂದರ್ ಲಾಲ್ ಪೆನಾಲ್ಟಿ ಸ್ಟ್ರೋಕ್. ಅಂದ್ರೆ ಹಿಂದೆ ನಿಂತವನಿಗೆ ತಪ್ಪು ಮಾಡೋಕೆ ಜಾಗವೇ ಇಲ್ಲ. ಟೋಕಿಯೋದ ಜರ್ಮನಿ ಪಂದ್ಯದಲ್ಲಿ ನಾಲ್ಕು ಒಳಗೆ ಹೋದವು, ಐದು ಹೊಡೆದ ಜೊತೆಗಾರರು ಇದ್ದರು, ಕೊನೇದನ್ನ ತಡೆದ ಶ್ರೀಜೇಶ್ ದೇವರಾದರು. ಆಗಲಿ, ನಾನೂ ಅವತ್ತು ಆಫೀಸಿನಲ್ಲಿ ಕುರ್ಚಿ ಮೇಲೆ ಹತ್ತಿ ಕುಣಿದವನೇ. ಆದರೆ 1960ರಲ್ಲಿ ರೋಮ್‌ನಲ್ಲಿ ನಸೀರ್ ಬುಂದಾ ಹೊಡೆದ ಒಂದೇ ಒಂದು ಗೋಲಿಗೆ, 1928ರಿಂದ ಬಂದಿದ್ದ ಸತತ ಆರು ಚಿನ್ನದ ಸಾಲು ಮುರಿದುಬಿತ್ತು. ಒಂದು ಬಿಟ್ಟಿದ್ದಕ್ಕೆ ಇಡೀ ದೇಶಕ್ಕೆ ಸೂತಕ. ಬೆಳ್ಳಿ ಪದಕ ಕಣ್ರೀ, ಅದನ್ನ ಸಾವಿನ ಸುದ್ದಿ ತರ ತಗೊಂಡ್ವಿ. ಆ ಭಾರ ಹೊತ್ಕೊಂಡು ನಾಲ್ಕು ವರ್ಷದ ಮೇಲೆ ಅದೇ ಎದುರಾಳಿ ಮುಂದೆ ಅದೇ ಗೋಲಿನಲ್ಲಿ ಮತ್ತೆ ನಿಂತು, ಒಂದನ್ನೂ ಬಿಡದೆ ವಾಪಸ್ ಬಂದ ಮನುಷ್ಯನಿಗೆ ಏನಂತೀರಿ?

"ಆಗಿನ ಆಟ ನಿಧಾನ ಕಣ್ಲಾ, ಹುಲ್ಲಿನ ಮೇಲೆ ಆಡ್ತಿದ್ರು" ಅಂದ ಹಲಗೂರಿನವನು. ಇದು ಬಲವಾದ ವಾದ, ಒಪ್ಪಿಕೊಳ್ತೀನಿ. ಒಲಿಂಪಿಕ್ಸ್‌ಗೆ ಕೃತಕ ಟರ್ಫ್ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಆಮೇಲೆ ಆಟದ ವೇಗವೇ ಬೇರೆ. ಇವತ್ತಿನ ಡ್ರ್ಯಾಗ್ ಫ್ಲಿಕ್ ಎದುರು ನಿಲ್ಲೋದು ಅಂದ್ರೆ ತಮಾಷೆ ಅಲ್ಲ. ಇನ್ನೂ ಒಂದು ಅಂಶ ನಾನೇ ಸೇರಿಸ್ತೀನಿ, ಅವನಿಗೆ ಹೊಳೀಲಿಲ್ಲ. ಆಗ ಆಫ್‌ಸೈಡ್ ನಿಯಮ ಇತ್ತು, ಎದುರಾಳಿ ಬಂದು ಗೋಲಿಯ ಮೂಗಿನ ಕೆಳಗೆ ಕಾಯ್ತಾ ನಿಲ್ಲೋ ಹಾಗಿರಲಿಲ್ಲ. 1990ರ ದಶಕದಲ್ಲಿ ಅದು ಹೋಯ್ತು. ಶ್ರೀಜೇಶ್‌ಗೆ ಆ ರಕ್ಷಣೆ ಇರಲಿಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆನೂ ನೋಡ್ರಪ್ಪ. ಟರ್ಫಿನ ಮೇಲೆ ಚೆಂಡು ವೇಗವಾಗಿ ಬರುತ್ತೆ, ಆದರೆ ಹೇಳಿದ ಮಾತು ಕೇಳಿ ನೆಟ್ಟಗೆ ಬರುತ್ತೆ. ಹುಲ್ಲಿನ ಮೇಲೆ ಬರೋ ಚೆಂಡು ಕೊನೇ ಗಳಿಗೆಯಲ್ಲಿ ಎಲ್ಲಿಗೆ ಹಾರುತ್ತೆ ಅಂತ ಅದನ್ನ ಹೊಡೆದವನಿಗೂ ಗೊತ್ತಿರಲ್ಲ. ನನ್ನ ಗದ್ದ ಸಾಕ್ಷಿ. ಇವತ್ತಿನ ಗೋಲಿ ತಲೆಯಿಂದ ಕಾಲಿನವರೆಗೆ ಕವಚ ತೊಟ್ಟ ಕರ್ಣ. ಹೆಲ್ಮೆಟ್, ಎದೆಗವಚ, ಕೈಗೆ ಹಲಗೆಯಂಥ ಗ್ಲೌಸು, ಕಾಲಿಗೆ ದಪ್ಪ ಫೋಮ್ ಪ್ಯಾಡು. ಕವಚ ಇರೋದ್ರಿಂದಲೇ ಚೆಂಡಿಗೆ ಮೈ ಕೊಟ್ಟು ಬೀಳಬಹುದು, ಮಲಗಬಹುದು. ಲಕ್ಷ್ಮಣ್ ಕಾಲದಲ್ಲಿ ಕಾಲಿಗೆ ಒಂದು ಜೊತೆ ಪ್ಯಾಡು, ಮುಖಕ್ಕೆ ಬರೀ ಗಾಳಿ. 12 ಅಡಿ ಅಗಲ, 7 ಅಡಿ ಎತ್ತರದ ಬಾಗಿಲು. ಅದನ್ನ ಕಾಯಬೇಕಾದ್ದು ಕಣ್ಣು, ಕಾಲು ಮತ್ತೆ ಒಂದು ಸ್ಟಿಕ್ಕು.

ಇಲ್ಲಿ ಭಾವ ಒಂದು ಒಳ್ಳೇ ಮಾತು ಹೇಳಿದರು. ಅವರ ಐಸ್ ಹಾಕಿಯಲ್ಲೂ ಇದೇ ಕತೆಯಂತೆ. ಗೋಲಿಗಳು ಬರೀ ಮುಖದಲ್ಲಿ ನಿಲ್ಲುತ್ತಿದ್ದರು. 1959ರ ನವೆಂಬರ್ 1ರಂದು ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಮುಖಕ್ಕೆ ಏಟು ಬಿದ್ದು ಸೀಳಿ, ಹೊಲಿಗೆ ಹಾಕಿಸಿಕೊಂಡು ಬಂದು, ಮಾಸ್ಕ್ ಇಲ್ಲದೆ ಇನ್ನು ಆಡಲ್ಲ ಅಂತ ಕೂತನಂತೆ. ಕೋಚ್‌ಗೆ ಅದು ಇಷ್ಟವೇ ಇರಲಿಲ್ಲ. ಅಲ್ಲಿಯ ಜನ ಇವತ್ತಿಗೂ ಪ್ಲಾಂಟ್ ಹೆಸರನ್ನ ಹಾಶೆಕ್, ಬ್ರೋಡರ್ ಜೊತೆಗೇ ಇಟ್ಟು ಜಗಳ ಆಡ್ತಾರೆ. 691 ಪಂದ್ಯ ಗೆದ್ದ ಬ್ರೋಡರ್ ಅಂಕಿಅಂಶ ತೋರಿಸಿ ಯಾರೂ ಪ್ಲಾಂಟ್‌ನ ಬಾಯಿ ಮುಚ್ಚಿಸಲ್ಲ. ಜಗಳದಲ್ಲಿ ಹಳಬನಿಗೂ ಒಂದು ಕುರ್ಚಿ ಇರುತ್ತೆ. ನಮ್ಮಲ್ಲಿ? "ಅದ್ಯಾರ್ಲಾ?"

ಹಳಬರ ಹೆಸರು ಎತ್ತಿದ ಮೇಲೆ ನೀವು ಕೇಳೇ ಕೇಳ್ತೀರಿ, ಹಾಗಾದ್ರೆ ರಿಚರ್ಡ್ ಅಲೆನ್ ಯಾಕಲ್ಲ ಅಂತ. 1928ರ ಆಮ್‌ಸ್ಟರ್‌ಡಾಮ್‌ನಲ್ಲಿ ಇಂಡಿಯಾ ಹೊಡೆದದ್ದು 29, ಬಿಟ್ಟದ್ದು ಸೊನ್ನೆ. 1932ರಲ್ಲಿ ಅಮೆರಿಕಾ ಮೇಲೆ 24-1 ಗೆದ್ದಾಗ ಬಿಟ್ಟ ಆ ಒಂದು, 1936ರ ಬರ್ಲಿನ್ ಫೈನಲ್‌ನಲ್ಲಿ ಜರ್ಮನಿಗೆ ಒಂದು. ಮೂರು ಒಲಿಂಪಿಕ್ಸ್, ಮೂರು ಚಿನ್ನ, ಎರಡು ಗೋಲು. ಅಂಕಿ ನೋಡಿದರೆ ಅಲೆನ್ ಮುಂದೆ ಯಾರೂ ನಿಲ್ಲಲ್ಲ. ಅಮೆರಿಕಾದವರು ಗೋಲು ಹೊಡೆದಾಗ ಅಲೆನ್ ಗೋಲಿನ ಹಿಂದೆ ಅಭಿಮಾನಿಗಳಿಗೆ ಆಟೋಗ್ರಾಫ್ ಹಾಕ್ತಿದ್ದರು ಅಂತ ಒಂದು ಕತೆ ಇದೆ. ನಿಜವೋ ಸುಳ್ಳೋ, ಅಂಥ ಕತೆ ಹುಟ್ಟಿಕೊಂಡಿದ್ದೇ ನನ್ನ ವಾದಕ್ಕೆ ಸಾಕು. ಮುಂದೆ ಧ್ಯಾನ್‌ಚಂದ್ ಇದ್ದಾಗ ಹಿಂದಿನ ಗೋಲಿಗೆ ಕೆಲಸ ಎಲ್ಲಿ? ಲಕ್ಷ್ಮಣ್ ಆಡುವ ಹೊತ್ತಿಗೆ ಎದುರಿಗೆ ಸಮಸಮ ತೂಗೋ ಪಾಕಿಸ್ತಾನ. ಕಳ್ಳರೇ ಬರದ ಊರಿನ ಕಾವಲುಗಾರನಿಗೂ, ದಿನಾ ರಾತ್ರಿ ಕನ್ನ ಬೀಳೋ ಊರಿನ ಕಾವಲುಗಾರನಿಗೂ ಒಂದೇ ಸಂಬಳ ಕೊಡೋಕಾಗುತ್ತಾ?

ಇನ್ನು ನಮ್ಮ ಮಡಿಕೇರಿ ಗೆಳೆಯನ ಪಾಳಿ. ಅವನು ಸುಬ್ಬಯ್ಯ ಅಂದದ್ದಕ್ಕೆ ನಾವು ನಕ್ಕಿದ್ದು ತಪ್ಪು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಇಂಡಿಯಾ ತಂಡದ ಇಬ್ಬರು ಗೋಲ್‌ಕೀಪರ್‌ಗಳೂ ಕರ್ನಾಟಕದವರೇ, ಎ.ಬಿ. ಸುಬ್ಬಯ್ಯ ಮತ್ತೆ ಆಶಿಶ್ ಬಲ್ಲಾಳ್. ಒಂದು ರಾಜ್ಯಕ್ಕೆ ಇದಕ್ಕಿಂತ ಏನು ಬೇಕು? ಸಾರ್ವಕಾಲಿಕ ಪಟ್ಟಕ್ಕೆ ಇವರಿಬ್ಬರನ್ನೂ ನಾನು ನಿಲ್ಲಿಸಲ್ಲ. ಆದರೆ ಬಲ್ಲಾಳ್ ವಿಷಯದಲ್ಲಿ ಹೊಟ್ಟೆ ಉರಿಯೋ ಒಂದು ಮಾತಿದೆ, ಹೇಳದೆ ಬಿಡಲ್ಲ.

ಏಷ್ಯನ್ ಗೇಮ್ಸ್ ಹಾಕಿಯಲ್ಲಿ ಇಂಡಿಯಾ ಮೊದಲ ಚಿನ್ನ ಗೆದ್ದದ್ದು 1966ರಲ್ಲಿ, ಬ್ಯಾಂಕಾಕ್‌ನಲ್ಲಿ. ಪಾಕಿಸ್ತಾನದ ಮೇಲೆ ಎಕ್ಸ್‌ಟ್ರಾ ಟೈಮಿನಲ್ಲಿ 1-0. ಕ್ಯಾಪ್ಟನ್ ಯಾರು? ನಮ್ಮ ಶಂಕರ್ ಲಕ್ಷ್ಮಣ್, ಗೋಲ್‌ಕೀಪರೇ ಕ್ಯಾಪ್ಟನ್. ಎರಡನೇ ಚಿನ್ನಕ್ಕೆ 32 ವರ್ಷ ಕಾಯಬೇಕಾಯ್ತು. 1998, ಮತ್ತೆ ಅದೇ ಬ್ಯಾಂಕಾಕ್, ಎದುರಿಗೆ ದಕ್ಷಿಣ ಕೊರಿಯಾ, 1-1 ಸಮ, ಟೈಬ್ರೇಕರ್. ಏಳು ಗಜ ದೂರದಿಂದ ಪೆನಾಲ್ಟಿ ಸ್ಟ್ರೋಕ್. ಈಗಿನ ಶೂಟೌಟ್ ಹಾಗೆ ಮುಂದೆ ನುಗ್ಗಿ ಬರೋ ಹಾಗಿಲ್ಲ, ಗೆರೆ ಮೇಲೆ ನಿಂತೇ ಊಹೆ ಮಾಡಬೇಕು. ನಮ್ಮ ಬೆಂಗಳೂರಿನ ಬಲ್ಲಾಳ್ ತಡೆದರು, ಚಿನ್ನ ಬಂತು. ಮೂರನೇದು 2014, ಶ್ರೀಜೇಶ್. ಈ ಮೂರು ಚಿನ್ನಕ್ಕೆ ಮೂರು ಗೋಲಿಗಳು ಕಾವಲು ನೋಡ್ರಿ!

ಚಿನ್ನ ತಂದ ಬಲ್ಲಾಳ್‌ಗೆ ಏನು ಸಿಕ್ತು? ಆ ತಂಡದ ಕ್ಯಾಪ್ಟನ್ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಿರಿಯ ಆಟಗಾರರನ್ನೆಲ್ಲ ಮುಂದಿನ ಪಾಕಿಸ್ತಾನ ಸರಣಿಗೆ ಕೈಬಿಟ್ಟರು. ಕೋಚ್ ಎಂ.ಕೆ. ಕೌಶಿಕ್ ಅವರನ್ನೂ ಕಿತ್ತು ಹಾಕಿದರು. 32 ವರ್ಷದ ಬರ ನೀಗಿದ್ದಕ್ಕೆ ಬಹುಮಾನ! ಭಾವನ ಹಾಶೆಕ್ ಕತೆ ಇಲ್ಲೇ ನೆನಪಾಗಿದ್ದು. ಅದೇ 1998ರ ಫೆಬ್ರವರಿಯಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಕೆನಡಾದ ಐದೂ ಪೆನಾಲ್ಟಿ ಶಾಟ್ ತಡೆದು, ಚೆಕ್ ಗಣರಾಜ್ಯಕ್ಕೆ ಆಮೇಲೆ ಚಿನ್ನವನ್ನೂ ಗೆಲ್ಲಿಸಿದ ಗೋಲಿ ಡೊಮಿನಿಕ್ ಹಾಶೆಕ್. ಪ್ರಾಗ್‌ನಲ್ಲಿ ಜನ ಬೀದಿಗೆ ಬಂದು ಇವನನ್ನ ದೇಶದ ಅಧ್ಯಕ್ಷನ ಮಾಡಿ ಅಂತ ಕೂಗಿದರು. ಆ ಗೆಲುವಿನ ಮೇಲೆ 2004ರಲ್ಲಿ ಅಲ್ಲಿಯ ನ್ಯಾಷನಲ್ ಥಿಯೇಟರ್‌ನವರು ಆಪೆರಾನೇ ಆಡಿಸಿದರು. ಒಂದೇ ವರ್ಷ, ಇಬ್ಬರು ಗೋಲಿಗಳು, ಇಬ್ಬರದ್ದೂ ಟೈಬ್ರೇಕರ್. ಒಬ್ಬನಿಗೆ ಆಪೆರಾ, ಒಬ್ಬನಿಗೆ ಗೇಟ್‌ಪಾಸ್. ಬಲ್ಲಾಳ್ ಬ್ಯಾಂಕಾಕ್‌ನಿಂದ ಬಂದ ಎರಡೇ ತಿಂಗಳಿಗೆ, 1999ರ ಫೆಬ್ರವರಿಯಲ್ಲಿ, ನಮ್ಮ ಕುಂಬ್ಳೆ ದೆಹಲಿಯಲ್ಲಿ ಹತ್ತು ವಿಕೆಟ್ ಕಿತ್ತರು. ಬೆಂಗಳೂರಲ್ಲಿ ಅವರ ಹೆಸರಿನ ಸರ್ಕಲ್ ಇದೆ. ಇರಲೇಬೇಕು, ಕುಂಬ್ಳೆ ನನಗೂ ದೇವರೇ. ಆದರೆ ಆ ಸರ್ಕಲ್‌ನಲ್ಲಿ ನಿಂತು ಹತ್ತು ಜನರನ್ನ ಬಲ್ಲಾಳ್ ಯಾರು ಅಂತ ಕೇಳಿ ನೋಡಿ. ಇನ್ನೊಂದು "ಅದ್ಯಾರ್ಲಾ?"

ಆ 1998ರ ತಂಡಕ್ಕೆ ಗೋಲ್‌ಕೀಪಿಂಗ್ ಹೇಳಿಕೊಟ್ಟವರು ಯಾರು ಗೊತ್ತಾ? ಮೀರ್ ರಂಜನ್ ನೇಗಿ. 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದಿಂದ ಏಳು ಗೋಲು ಹೊಡೆಸಿಕೊಂಡು ದೇಶದ್ರೋಹಿ ಅನ್ನಿಸಿಕೊಂಡ ಗೋಲಿ. 'ಚಕ್ ದೇ ಇಂಡಿಯಾ' ಸಿನಿಮಾಕ್ಕೆ ಎಳೆ ಸಿಕ್ಕಿದ್ದು ಅವರಿಂದ ಅಂತ ಹೇಳೋರಿದ್ದಾರೆ. ಏಳು ಗೋಲು ಬಿಟ್ಟವನ ಹೆಸರು ಊರಿಗೆಲ್ಲ ಗೊತ್ತು, ಮೂರು ಫೈನಲ್‌ನಲ್ಲಿ ಒಂದು ಬಿಟ್ಟವನ ಹೆಸರು ಗೊತ್ತಿಲ್ಲ. ಫಾರ್ವರ್ಡ್ ಹತ್ತು ಸಲ ತಪ್ಪಿಸಿ ಒಂದು ಹೊಡೆದರೆ ಹೀರೋ. ಗೋಲಿ ಹತ್ತು ತಡೆದು ಒಂದು ಬಿಟ್ಟರೆ, ಆ ಒಂದೇ ಲೆಕ್ಕ.

ಅಂದ ಹಾಗೆ, ಬರೀ ಗಂಡಸರ ಹೆಸರೇ ಹೇಳ್ತಿದ್ದೀಯಲ್ಲ ಅಂತ ನನ್ನ ಹೆಂಡತಿ ಹಿಂದಿನಿಂದ ಇಣುಕಿ ಓದಿ ಬೈದಳು. ಸರಿಯಾಗೇ ಬೈದಳು. 2021ರಲ್ಲಿ ಟೋಕಿಯೋ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ದಾಳಿ ಎಲ್ಲ ನುಂಗಿ 1-0 ಉಳಿಸಿಕೊಟ್ಟ ಸವಿತಾ ಪೂನಿಯಾ ಹೆಸರು ಮುತ್ತತ್ತಿಯಲ್ಲಿ ನಮ್ಮ ಆರು ಜನರ ಬಾಯಲ್ಲೂ ಬರಲಿಲ್ಲ. ಆ ಪಾಪಕ್ಕೆ ಬೇರೆ ಪೋಸ್ಟೇ ಬರೀಬೇಕು.

ಮತ್ತೆ ಲಕ್ಷ್ಮಣ್‌ಗೆ ಬರ್ತೀನಿ. 1968ರ ಒಲಿಂಪಿಕ್ಸ್ ತಂಡಕ್ಕೆ ಅವರನ್ನ ಆರಿಸಲಿಲ್ಲ. ಅಲ್ಲಿಗೆ ಸ್ಟಿಕ್ಕು ಕೆಳಗಿಟ್ಟರು. ಅರ್ಜುನ, ಪದ್ಮಶ್ರೀ ಕೊಟ್ಟಿದ್ದೆವು, ಕೊಟ್ಟು ಮರೆತೆವು. ಕೊನೆಗಾಲದಲ್ಲಿ ಮಹೂನಲ್ಲಿ ಕಷ್ಟದಲ್ಲಿದ್ದಾರೆ ಅಂತ ಪೇಪರಿನಲ್ಲಿ ಸುದ್ದಿ ಬಂದಿತ್ತು. 2006ರ ಏಪ್ರಿಲ್‌ನಲ್ಲಿ ಹೋಗಿಬಿಟ್ಟರು. ಕಾಲಿಗೆ ಗ್ಯಾಂಗ್ರೀನ್ ಆಗಿತ್ತು. ಪಾಕಿಸ್ತಾನದ ಚೆಂಡುಗಳನ್ನ ಒದ್ದು ಆಚೆ ಹಾಕಿದ ಕಾಲು.

ಅವರ ಆಟದ ಒಂದು ಇಡೀ ಪಂದ್ಯದ ವಿಡಿಯೋ ಕೂಡ ನಾನು ನೋಡಿಲ್ಲ, ಒಪ್ಪಿಕೊಳ್ತೀನಿ. ಹಲಗೂರಿನವನು ಅದನ್ನೇ ಹಿಡ್ಕೊಂಡ. "ನೋಡ್ದೇ ಎಂಗ್ಲಾ ಏಳ್ತೀಯೆ?" ಅಂದ. ಅವನಿಗೆ ನಾನು ಗುಡಿ ಕಡೆ ಕೈ ತೋರಿಸಿದೆ. ಮುತ್ತು ಎತ್ತಿದ್ದನ್ನ ಯಾವನ್ಲಾ ನೋಡಿದ್ದ? ಅದಕ್ಕೆ ಮಾತ್ರ ಬೆಳಗ್ಗೆಯಿಂದ ಸಾಲಿನಲ್ಲಿ ನಿಂತು ತೆಂಗಿನಕಾಯಿ ಒಡೆದು ಬಂದೆ. ಲಕ್ಷ್ಮಣ್‌ದು ಪುರಾಣವೂ ಅಲ್ಲ, ಮೂರು ಸ್ಕೋರು, ಅಚ್ಚಾಗಿವೆ, ಯಾರು ಬೇಕಾದ್ರೂ ಹೋಗಿ ನೋಡ್ಕೋಬಹುದು. ಅಷ್ಟಕ್ಕೆ ಅವನು ಸುಮ್ಮನಾದ. ಒಪ್ಪಿ ಅಲ್ಲ, ಅಷ್ಟರಲ್ಲಿ ಕೋತಿ ಬಂದು ಅವನ ಮುಂದಿದ್ದ ಬಾಳೆಹಣ್ಣಿನ ಚಿಪ್ಪನ್ನ ಪೂರ್ತಿ ಎತ್ಕೊಂಡು ಹೋಯ್ತು :-)

ನಿಮ್ಮ ಓಟು ಯಾರಿಗೆ ಅಂತ ಕೆಳಗೆ ಕಾಮೆಂಟಿನಲ್ಲಿ ಬರೀರಿ. ಅನಾನಿಮಸ್ ಮಹಾಶಯರೂ ಬರೀಬಹುದು. ಷರತ್ತು ಒಂದೇ. ಯಾರೂ ವಿಡಿಯೋ ಲಿಂಕ್ ಹಾಕಂಗಿಲ್ಲ.